ಕೊಡೆ ಮುಳುಗುವಷ್ಟು ಆಳ

ಅಕ್ಕನ ಗಂಟಲಿಗೆ ಆಪರೇಷನ್ ಆಗಿತ್ತು. ಧ್ವನಿ ತಂತುವಿನ ಮೇಲೆ ಸಣ್ಣದೊಂದು ಗಂಟು ಬೆಳೆದಿತ್ತಂತೆ. ಇಪ್ಪತ್ತು ವರ್ಷ ಹಗಲೆಲ್ಲ ಕ್ಲಾಸಿನಲ್ಲಿ ಪಾಠ ಹೇಳಿದ, ಸಂಜೆಯಾದರೆ ಹವ್ಯಾಸಿ ನಾಟಕದ ತಾಲೀಮಿನಲ್ಲಿ ಮೈಕಿಲ್ಲದೆ ಕೊನೆಯ ಸಾಲಿನವರೆಗೂ ಮಾತು ಮುಟ್ಟಿಸಿದ ಗಂಟಲು ಅದು. ಒಂದು ವಾರ ಬಾಯೇ ಬಿಡಬಾರದು ಅಂತ ಡಾಕ್ಟರು ಹೇಳಿದ್ದರು. ಪಿಸುಮಾತೂ ಬೇಡ, ಪಿಸುಗುಟ್ಟಿದರೆ ಗಂಟಲಿಗೆ ಇನ್ನೂ ಜಾಸ್ತಿ ಆಯಾಸ ಅಂದಿದ್ದರು. ಹಾಗಾಗಿ ಅವಳು ನಮ್ಮ ಮನೆಗೆ ಬಂದಾಗ ಕೈಯಲ್ಲಿ ಒಂದು ನೋಟ್‌ಬುಕ್ಕು, ಒಂದು ಪೆನ್ನು ಇತ್ತು. ಏನು ಬೇಕಿದ್ದರೂ ಬರೆದು ತೋರಿಸುತ್ತಿದ್ದಳು.

ಮೂರನೇ ದಿನ ಸಂಜೆ, ಯಾವುದಾದರೂ ಸಿನಿಮಾ ಹಾಕಲಾ ಅಂತ ಕೇಳಿದೆ. ಬರೆದಳು: "ಬೀಯಿಂಗ್ ದೇರ್."

ಆ ಸಿನಿಮಾ ನನಗೆ ಗೊತ್ತಿತ್ತು. ಎರಡು ವರ್ಷದ ಹಿಂದೆ ಯಾರೋ ಒಳ್ಳೆಯ ಹಾಸ್ಯ ಚಿತ್ರ ಅಂದಿದ್ದಕ್ಕೆ ಹಾಕಿಕೊಂಡು ಅರ್ಧ ಗಂಟೆಗೆ ನಿಲ್ಲಿಸಿದ್ದೆ. "ಬೇಡ ಅಕ್ಕ, ಅದರಲ್ಲಿ ಏನೂ ನಡೆಯೋದೇ ಇಲ್ಲ. ಆ ಮನುಷ್ಯನ ಮುಖದಲ್ಲೂ ಏನೂ ಇಲ್ಲ" ಅಂದೆ. ಅವಳು ಆ ಹೆಸರಿನ ಕೆಳಗೇ ಇನ್ನೊಂದು ಪದ ಬರೆದು ಗೆರೆ ಎಳೆದಳು. "ಅದಕ್ಕೇ."

ಕಥೆ ತುಂಬ ಸಣ್ಣದು. ವಾಷಿಂಗ್ಟನ್‌ನಲ್ಲಿ ಒಬ್ಬ ಶ್ರೀಮಂತ ಮುದುಕನ ಮನೆ. ಆ ಮನೆಯ ಹಿತ್ತಲಲ್ಲಿ ಗೋಡೆ ಕಟ್ಟಿದ ಒಂದು ತೋಟ. ತೋಟ ನೋಡಿಕೊಳ್ಳುವ ಮಾಲಿ ಚಾನ್ಸ್. ನಡುವಯಸ್ಸಿನವನು. ಹುಟ್ಟಿದಾರಭ್ಯ ಆ ಮನೆಯ ಹೊರಗೆ ಕಾಲಿಟ್ಟವನಲ್ಲ. ಓದು ಬರಹ ಬರುವುದಿಲ್ಲ. ತೋಟ ಬಿಟ್ಟರೆ ಅವನಿಗೆ ಗೊತ್ತಿರುವುದು ಟಿವಿ ಒಂದೇ. ಒಂದು ದಿನ ಮುದುಕ ಸಾಯುತ್ತಾನೆ. ವಕೀಲರು ಬಂದು ಮನೆ ಖಾಲಿ ಮಾಡಿಸುತ್ತಾರೆ. ಯಜಮಾನನ ಹಳೆಯ ಒಳ್ಳೆಯ ಸೂಟು ಹಾಕಿಕೊಂಡು, ತಲೆಗೆ ಹ್ಯಾಟು, ಒಂದು ಕೈಯಲ್ಲಿ ಸೂಟ್‌ಕೇಸು, ಇನ್ನೊಂದರಲ್ಲಿ ಕೊಡೆ ಹಿಡಿದು ಚಾನ್ಸ್ ಬೀದಿಗೆ ಇಳಿಯುತ್ತಾನೆ. ಅಲ್ಲಿಂದ ಕೆಲವೇ ದಿನಗಳಲ್ಲಿ ಅಮೆರಿಕದ ಅಧ್ಯಕ್ಷರು ಅವನ ಮಾತನ್ನು ಟಿವಿಯಲ್ಲಿ ಉಲ್ಲೇಖಿಸುತ್ತಾರೆ.

ಜೆರ್ಜಿ ಕೊಸಿನ್ಸ್ಕಿಯ ಕಿರು ಕಾದಂಬರಿಯಿಂದ 1979ರಲ್ಲಿ ಹಾಲ್ ಆಶ್‌ಬಿ ಮಾಡಿದ ಚಿತ್ರ ಇದು. ಚಾನ್ಸ್ ಪಾತ್ರ ಪೀಟರ್ ಸೆಲ್ಲರ್ಸ್‌ದು.

ಸಿನಿಮಾ ಶುರುವಾಗಿ ಕೆಲವೇ ನಿಮಿಷ ಆಗಿತ್ತು. ಯಜಮಾನ ತೀರಿಕೊಂಡರು ಅಂತ ಕೆಲಸದ ಹೆಂಗಸು ಲೂಯಿಸ್ ಬಂದು ಹೇಳುತ್ತಾಳೆ. ಚಾನ್ಸ್ ಹಿಮ ಬೀಳುವ ಹಾಗಿದೆ ಅನ್ನುತ್ತಾನೆ. ಆಮೇಲೆ ಮೇಲೆ ಹೋಗಿ ಹಾಸಿಗೆಯ ಅಂಚಿನಲ್ಲಿ ಕೂತು ಮುದುಕನ ಹಣೆ ಮುಟ್ಟಿ ನೋಡುತ್ತಾನೆ. ಅಲ್ಲೇ ಇದ್ದ ಟಿವಿ ಹಾಕಿಕೊಂಡು ನೋಡುತ್ತಾ ಕೂರುತ್ತಾನೆ.

ಹಿಂದಿನ ಸಲ ನಾನು ಈ ದೃಶ್ಯ ದಾಟಿ ಬಂದಿದ್ದೆ ಅಷ್ಟೆ. ಈ ಸಲ ಅಕ್ಕ ರಿಮೋಟ್ ಒತ್ತಿ ನಿಲ್ಲಿಸಿದಳು. ಹಿಂದಕ್ಕೆ ಓಡಿಸಿದಳು. ಮತ್ತೆ ಹಾಕಿದಳು. ನೋಟ್‌ಬುಕ್ ನನ್ನ ಮುಂದೆ ಬಂತು. "ಮುಖ ಬಿಡು. ಕೈ ನೋಡು."

ನೋಡಿದೆ. ಕೈ ಹಣೆಯ ಮೇಲೆ ಹೋಗುತ್ತದೆ. ಜ್ವರ ನೋಡುವವರ ಕೈಯ ಹಾಗಿಲ್ಲ, ಪ್ರೀತಿಯಿಂದ ಸವರುವ ಕೈಯ ಹಾಗೂ ಇಲ್ಲ. ಕುಂಡದ ಮಣ್ಣು ಒಣಗಿದೆಯಾ ಅಂತ ಮುಟ್ಟಿ ನೋಡುವ ಕೈ ಅದು. ಇದೆ ಅಂತ ಗೊತ್ತಾದದ್ದೇ ತಡ, ಕೈ ಹೋದ ದಾರಿಯಲ್ಲೇ ವಾಪಸ್ ಬರುತ್ತದೆ. ಮುಖದಲ್ಲಿ ದುಃಖ ಇಲ್ಲ. ಆದರೆ ಕಲ್ಲು ಮನಸ್ಸಿನವನು ಅಂತಲೂ ಅನಿಸುವುದಿಲ್ಲ. ದುಃಖ ಅಂದರೇನು ಅಂತ ಇನ್ನೂ ಯಾರೂ ಹೇಳಿಕೊಟ್ಟಿಲ್ಲದ ಮಗುವಿನ ಮುಖ. ಇಷ್ಟನ್ನು ಆ ಮನುಷ್ಯ ಒಂದು ಕೈ ಚಾಚಿ ಹಿಂದಕ್ಕೆ ತೆಗೆದುಕೊಳ್ಳುವುದರಲ್ಲಿ ಹೇಳಿ ಮುಗಿಸಿದ್ದ.

ನಮ್ಮ ನಾಟ್ಯಶಾಸ್ತ್ರದಲ್ಲಿ ಅಭಿನಯ ನಾಲ್ಕು ಬಗೆ ಅಂತ ಹೇಳುತ್ತಾರೆ. ಮೈಯಿಂದ ಮಾಡುವ ಆಂಗಿಕ, ಮಾತಿನ ವಾಚಿಕ, ವೇಷಭೂಷಣದ ಆಹಾರ್ಯ, ಒಳಗಿನಿಂದ ತಾನೇ ಬರುವ ಸಾತ್ವಿಕ. ಅಕ್ಕ ಇದನ್ನು ನನಗೆ ಹತ್ತು ಸಲ ಹೇಳಿರಬಹುದು. ನಾಲ್ಕನೆಯದನ್ನು ಹೇಳಿಕೊಡೋಕೆ ಆಗಲ್ಲ ಕಣೋ ಅನ್ನುತ್ತಿದ್ದಳು. ಆ ಸಂಜೆ ಅದು ನನ್ನ ಕಣ್ಣಿಗೆ ಬಿತ್ತು.

ಸೆಲ್ಲರ್ಸ್‌ನ ಹಿನ್ನೆಲೆ ಗೊತ್ತಿದ್ದರೆ ಇದು ಇನ್ನೂ ದೊಡ್ಡದಾಗಿ ಕಾಣುತ್ತದೆ. 1964ರ ಒಂದೇ ಸಿನಿಮಾದಲ್ಲಿ ಮೂರು ಪಾತ್ರ ಮಾಡಿ ಮೂವರಿಗೂ ಬೇರೆ ಬೇರೆ ದನಿ, ಬೇರೆ ಬೇರೆ ನಡಿಗೆ ಕೊಟ್ಟವನು ಅವನು. ಎಡವಿ ಬೀಳುವ ಪೊಲೀಸ್ ಇನ್‌ಸ್ಪೆಕ್ಟರ್ ಆಗಿ ಜಗತ್ತನ್ನೆಲ್ಲ ನಗಿಸಿದವನು. ಅವನ ಜೋಳಿಗೆಯಲ್ಲಿ ಏನಿರಲಿಲ್ಲ? ಅಂಥವನು ಈ ಕಾದಂಬರಿ ಓದಿ, ಈ ಪಾತ್ರ ನನ್ನದೇ ಅಂತ ಹಟ ಹಿಡಿದು ವರ್ಷಗಟ್ಟಲೆ ಕಾದ. ಕೊನೆಗೆ ಪಾತ್ರ ಸಿಕ್ಕಾಗ ಜೋಳಿಗೆಯನ್ನು ಪಕ್ಕಕ್ಕೆ ಇಟ್ಟುಬಿಟ್ಟ. ಹುಬ್ಬು ಹಾರಿಸಲಿಲ್ಲ. ಕಣ್ಣರಳಿಸಲಿಲ್ಲ. ದನಿಗಾಗಿ ಮಾತ್ರ ತುಂಬ ಹುಡುಕಾಡಿದನಂತೆ. ಕೊನೆಗೆ ಸಿಕ್ಕ ದನಿಯಲ್ಲಿ ಹಳೆಯ ಹಾಸ್ಯ ನಟ ಸ್ಟಾನ್ ಲಾರೆಲ್‌ನ ನೆರಳಿದೆ. ಪ್ರತಿ ಪದವನ್ನೂ ಬಿಡಿಬಿಡಿಯಾಗಿ, ಒಂದೇ ಎತ್ತರದಲ್ಲಿ, ಟೇಬಲ್ ಮೇಲೆ ಲೋಟ ಇಟ್ಟ ಹಾಗೆ ಇಡುತ್ತಾನೆ. ಕೇಳುವವರಿಗೆ ಅದು ತೂಕದ ಮಾತು ಅನಿಸುತ್ತದೆ. ಅಷ್ಟು ನಿಧಾನವಾಗಿ ಆಡಿದ ಮಾತು ಸುಮ್ನೆ ಇರುತ್ತಾ ಅಂತ ಅವರಿಗೆ ಅನುಮಾನ.

ಹೊರಗೆ ಬಂದ ಚಾನ್ಸ್‌ಗೆ ಬೀದಿಯಲ್ಲಿ ಹುಡುಗರ ಗುಂಪೊಂದು ಎದುರಾಗುತ್ತದೆ. ಒಬ್ಬ ಚಾಕು ತೆಗೆಯುತ್ತಾನೆ. ಚಾನ್ಸ್ ಜೇಬಿನಿಂದ ಟಿವಿ ರಿಮೋಟ್ ತೆಗೆದು ಆ ಹುಡುಗನ ಕಡೆ ಹಿಡಿದು ಒತ್ತುತ್ತಾನೆ. ಚಾನೆಲ್ ಬದಲಾಗುವುದಿಲ್ಲ. ಮತ್ತೆ ಒತ್ತುತ್ತಾನೆ.

ಇಲ್ಲಿ ನಾನು ನಕ್ಕೆ. ಅಕ್ಕನೂ ನಕ್ಕಳು, ಸದ್ದಿಲ್ಲದೆ, ಭುಜ ಮಾತ್ರ ಅಲುಗಿತು. ನಗು ನಿಂತ ಮೇಲೆ ಆ ದೃಶ್ಯ ಬೇರೆ ಥರ ಕಾಡತೊಡಗಿತು. ಒತ್ತಿದ ಮೇಲೂ ಹುಡುಗ ಅಲ್ಲೇ ಇದ್ದಾನೆ ಅಂತ ಗೊತ್ತಾದಾಗ ಸೆಲ್ಲರ್ಸ್ ಗಾಬರಿ ಬೀಳುವುದಿಲ್ಲ. ಯಂತ್ರ ಕೆಟ್ಟಿರಬೇಕು ಅನ್ನುವಂಥ ಒಂದು ಸಣ್ಣ ಗೊಂದಲ ಮಾತ್ರ. ಬೇರೆ ಯಾವ ನಟ ಆಗಿದ್ದರೂ ಅಲ್ಲಿ ಇನ್ನೊಂದು ನಗು ಕಿತ್ತುಕೊಳ್ಳುತ್ತಿದ್ದ. ಇವನು ತಗೊಳ್ಳಲಿಲ್ಲ. ಹಾಗಾಗಿ ನಮಗೆ ಚಾನ್ಸ್ ಮೇಲೆ ನಗು ಬಂದರೂ ಚಾನ್ಸ್ ಸಣ್ಣವನಾಗುವುದಿಲ್ಲ.

ಆಮೇಲೆ ಅವನು ಟಿವಿ ಅಂಗಡಿಯ ಮುಂದೆ ನಿಲ್ಲುತ್ತಾನೆ. ಕ್ಯಾಮೆರಾ ಅವನನ್ನೇ ಹಿಡಿದು ಒಳಗಿನ ಪರದೆಯಲ್ಲಿ ತೋರಿಸುತ್ತಿದೆ. ತನ್ನನ್ನು ತಾನೇ ನೋಡುತ್ತಾ ಹಿಂದಕ್ಕೆ ಹೆಜ್ಜೆ ಇಡುತ್ತಾ ರಸ್ತೆಗೆ ಇಳಿದು, ಈವ್ ರ‍್ಯಾಂಡ್ ಎಂಬ ಶ್ರೀಮಂತ ಹೆಂಗಸಿನ ಕಾರಿಗೆ ಸಿಕ್ಕಿಕೊಳ್ಳುತ್ತಾನೆ. ಆ ಪಾತ್ರ ಶರ್ಲಿ ಮೆಕ್ಲೇನ್ ಮಾಡಿದ್ದಾರೆ. ಅವಳು ಅವನನ್ನು ಕಾರಿನಲ್ಲಿ ಮನೆಗೆ ಕರೆದೊಯ್ಯುತ್ತಾಳೆ. ಹೆಸರು ಕೇಳಿದಾಗ ಇವನು ಕೆಮ್ಮುತ್ತಾ "ಚಾನ್ಸ್, ದ ಗಾರ್ಡನರ್" ಅನ್ನುತ್ತಾನೆ. ಅವಳ ಕಿವಿಗೆ ಅದು "ಚಾನ್ಸಿ ಗಾರ್ಡಿನರ್" ಅಂತ ಬೀಳುತ್ತದೆ. ಮಾಡುವ ಕೆಲಸವೇ ಮನೆತನದ ಹೆಸರಾಯಿತು. ಇಲ್ಲಿಂದ ಮುಂದೆ ಅವನು ಏನು ಹೇಳಿದರೂ ಅದು ಬೇರೆ ಏನೋ ಆಗಿ ಕೇಳಿಸುತ್ತದೆ.

ಆ ದೊಡ್ಡ ಬಂಗಲೆಯಲ್ಲಿ ಲಿಫ್ಟ್ ಇದೆ. ಲಿಫ್ಟ್ ಅಂದರೇನು ಅಂತ ಚಾನ್ಸ್‌ಗೆ ಗೊತ್ತಿಲ್ಲ. ಅದರಿಂದ ಹೊರಗೆ ಬರುವಾಗ ಇದು ತುಂಬ ಚಿಕ್ಕ ಕೋಣೆ ಅನ್ನುತ್ತಾನೆ. ಕೇಳಿದವರು ಒಳ್ಳೆ ತಮಾಷೆ ಅಂದುಕೊಳ್ಳುತ್ತಾರೆ.

ಅಧ್ಯಕ್ಷರು ಬಂದು ದೇಶದ ಆರ್ಥಿಕ ಸ್ಥಿತಿ ಬಗ್ಗೆ ನಿಮ್ಮ ಅಭಿಪ್ರಾಯ ಏನು ಅಂತ ಕೇಳುವ ದೃಶ್ಯ ಎಲ್ಲರಿಗೂ ನೆನಪಿರುವಂಥದ್ದು. ಬೇರಿಗೆ ಪೆಟ್ಟು ಬೀಳದೆ ಇದ್ದರೆ ತೋಟದಲ್ಲಿ ಎಲ್ಲ ಚೆನ್ನಾಗಿರುತ್ತದೆ, ವಸಂತ ಬರುತ್ತದೆ, ಬೇಸಿಗೆ ಬರುತ್ತದೆ, ಆಮೇಲೆ ಎಲೆ ಉದುರುತ್ತದೆ, ಚಳಿಗಾಲ, ಮತ್ತೆ ವಸಂತ ಅಂತ ಚಾನ್ಸ್ ಹೇಳುತ್ತಾನೆ. ಅಧ್ಯಕ್ಷರಿಗೆ ಅದು ಅರ್ಥಶಾಸ್ತ್ರ. ರಷ್ಯಾದ ರಾಯಭಾರಿಗೆ ಇವನು ರಷ್ಯನ್ ಬಲ್ಲ ಪಂಡಿತ. ಪುಸ್ತಕ ಪ್ರಕಾಶಕನ ಹತ್ತಿರ ನನಗೆ ಬರೆಯೋಕೆ ಬರಲ್ಲ ಅಂದರೆ, ಈ ಕಾಲದಲ್ಲಿ ಯಾರಿಗೆ ತಾನೇ ಬರುತ್ತೆ ಅನ್ನುವ ಉತ್ತರ. ಗುಪ್ತಚರರು ಹುಡುಕಿದರೆ ಇವನ ಬಗ್ಗೆ ಒಂದು ಕಾಗದವೂ ಸಿಗುವುದಿಲ್ಲ. ಹಾಗಾದರೆ ಯಾರೋ ದೊಡ್ಡವರು ಅಳಿಸಿ ಹಾಕಿರಬೇಕು ಅಂತ ಅವರ ತೀರ್ಮಾನ.

ಈ ವಿಡಂಬನೆ ನಿಂತಿರುವುದು ಸೆಲ್ಲರ್ಸ್ ಮೇಲೆ. ಅವನು ಒಂದೇ ಒಂದು ಸಲ ಜಾಣನ ಹಾಗೆ ಕಂಡಿದ್ದರೂ ಚಾನ್ಸ್ ಮೋಸಗಾರ ಆಗಿಬಿಡುತ್ತಿದ್ದ. ಒಂದೇ ಒಂದು ಸಲ ಪೆದ್ದನ ಹಾಗೆ ಕಂಡಿದ್ದರೂ ಸುತ್ತಲಿನವರು ನಂಬಿದ್ದನ್ನು ನಾವು ನಂಬುತ್ತಿರಲಿಲ್ಲ. ಎರಡರ ನಡುವೆ ಕೂದಲೆಳೆಯಷ್ಟು ಜಾಗ. ಎರಡು ಗಂಟೆಗೂ ಮೀರಿ ಆ ಜಾಗದಲ್ಲೇ ನಡೆಯುತ್ತಾನೆ. ಅಕ್ಕ ಬರೆದಳು: "ಅಧ್ಯಕ್ಷ ಮಾತಾಡುವಾಗ ಇವನು ಏನ್ ಮಾಡ್ತಿದ್ದಾನೆ?" ನಾನು ನೋಡಿ, ಕೇಳಿಸಿಕೊಳ್ಳುತ್ತಿದ್ದಾನೆ ಅಂದೆ. ಹೌದು ಅಂತ ತಲೆಯಾಡಿಸಿದಳು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಾಲು. "ಆ ಕೋಣೇಲಿ ಕೇಳಿಸಿಕೊಳ್ತಿರೋನು ಅವನೊಬ್ಬನೇ."

ಅವಳಿಗೆ ಆಗ ಮೂರು ದಿನದಿಂದ ಮಾತಿರಲಿಲ್ಲ. ಬಂದವರೆಲ್ಲ ಅವಳ ಮುಂದೆ ಕೂತು ಏನೇನೋ ಹೇಳಿಕೊಂಡು ಹೋಗಿದ್ದರು. ಅವಳು ಸುಮ್ನೆ ನೋಡುತ್ತಾ ತಲೆಯಾಡಿಸಿದ್ದಕ್ಕೆ, ನಿಮ್ಮ ಹತ್ತಿರ ಮಾತಾಡಿ ಸಮಾಧಾನ ಆಯ್ತು ಅಂದಿದ್ದರು. ಅದು ನನ್ನ ಕಣ್ಣೆದುರೇ ನಡೆದಿತ್ತು. ಚಾನ್ಸ್ ಸುತ್ತ ಸೇರಿದ ಜನ ಅಷ್ಟು ಬೇಗ ಮರುಳಾದದ್ದು ನನಗೆ ಆಮೇಲೆ ಉತ್ಪ್ರೇಕ್ಷೆ ಅನಿಸಲಿಲ್ಲ.

ಇಡೀ ಸಿನಿಮಾದಲ್ಲಿ ಚಾನ್ಸ್ ಯಾರು ಅಂತ ಸರಿಯಾಗಿ ಗೊತ್ತಿರುವವಳು ಲೂಯಿಸ್. ಇವನನ್ನು ಸಣ್ಣ ಮಗುವಿನಿಂದ ಸಾಕಿದವಳು. ಕರಿಯ ಹೆಂಗಸು, ಬಡವಿ. ಟಿವಿಯಲ್ಲಿ ಇವನು ಮಹಾ ಜ್ಞಾನಿಯ ಹಾಗೆ ಕೂತಿರುವುದನ್ನು ನೋಡಿ, ಅಮೆರಿಕದಲ್ಲಿ ಬಿಳಿಯ ಆಗಿದ್ದರೆ ಸಾಕು, ಬೇಕಾದ್ದೆಲ್ಲ ಸಿಗುತ್ತದೆ ಅನ್ನುವ ಅರ್ಥದಲ್ಲಿ ರೇಗಿ ಹೇಳುತ್ತಾಳೆ. ಬರೀ ಒಂದೆರಡು ನಿಮಿಷದ ದೃಶ್ಯ. ತತ್ವದ ಮಾತಿಗೆ ಮುಳುಗಿದವರು ಈ ದೃಶ್ಯವನ್ನು ಮರೆಯುತ್ತಾರೆ. ನನಗೆ ಅದು ಸಿನಿಮಾದ ಬೆನ್ನೆಲುಬು. ಖಾಲಿ ಜಾಗವನ್ನು ಜನ ತುಂಬುತ್ತಾರೆ ನಿಜ, ಆದರೆ ಎಲ್ಲರ ಖಾಲಿ ಜಾಗವನ್ನೂ ತುಂಬುವುದಿಲ್ಲ. ಒಳ್ಳೆ ಸೂಟು, ಬಿಳಿ ಚರ್ಮ, ಗಂಡಸು. ಲೂಯಿಸ್ ಇದೇ ತೋಟದ ಮಾತು ಆಡಿದ್ದರೆ ಅಧ್ಯಕ್ಷರು ಉಲ್ಲೇಖಿಸುತ್ತಿದ್ದರಾ?

ಈವ್‌ಳ ಗಂಡ ಬೆನ್ ರ‍್ಯಾಂಡ್ ಸಾಯುವ ಕಾಲದಲ್ಲಿರುವ ಉದ್ಯಮಿ. ಆ ಪಾತ್ರಕ್ಕೆ ಮೆಲ್ವಿನ್ ಡಗ್ಲಸ್‌ಗೆ ಪೋಷಕ ನಟನ ಆಸ್ಕರ್ ಬಂತು. ಸೆಲ್ಲರ್ಸ್ ನಾಮಿನೇಟ್ ಆದರೂ ಅವನಿಗೆ ಆಸ್ಕರ್ ಬರಲಿಲ್ಲ. ಚಿತ್ರದ ಕೊನೆಯಲ್ಲಿ ಹೆಸರುಗಳು ಬರುವಾಗ, ಶೂಟಿಂಗ್‌ನಲ್ಲಿ ಸೆಲ್ಲರ್ಸ್ ನಗು ತಡೆಯಲಾಗದೆ ಮಾತು ತಪ್ಪಿದ ತುಣುಕುಗಳನ್ನು ಹಾಕಿದ್ದಾರೆ. ಅದು ಅವನಿಗೆ ಇಷ್ಟವಾಗಿರಲಿಲ್ಲ. ಚಾನ್ಸ್‌ನ ಮಾಯೆಯನ್ನು ಅದು ಒಡೆದುಹಾಕುತ್ತದೆ ಅಂತ ಅವನ ಬೇಸರ. ಅವನ ಬೇಸರ ನ್ಯಾಯವಾದದ್ದು ಅಂತ ನನಗೂ ಅನಿಸುತ್ತದೆ. ಅಕ್ಕ ಆ ತುಣುಕು ಶುರುವಾಗುವ ಮೊದಲೇ ಟಿವಿ ಆರಿಸಿದಳು. 1980ರ ಜುಲೈನಲ್ಲಿ, ಚಿತ್ರ ಬಿಡುಗಡೆಯಾದ ಏಳೆಂಟು ತಿಂಗಳಿಗೆ, ಸೆಲ್ಲರ್ಸ್ ತೀರಿಕೊಂಡ. ಆಗ ಅವನಿಗೆ 54 ವರ್ಷ.

ಮತ್ತೆ ಕೈಯ ವಿಷಯಕ್ಕೆ ಬರುತ್ತೇನೆ. ಬೆನ್ ಸಾಯುವ ದೃಶ್ಯ ಬಂತು. ಮತ್ತೊಬ್ಬ ಮುದುಕ, ಮತ್ತೊಂದು ಹಾಸಿಗೆ. ಚಾನ್ಸ್ ಪಕ್ಕದಲ್ಲಿದ್ದಾನೆ. ಮತ್ತೆ ಕೈ ಹಣೆಗೆ ಹೋಗುತ್ತದೆ. ಈ ಸಲ ಅದು ಬೇಗ ವಾಪಸ್ ಬರುವುದಿಲ್ಲ. ಕಣ್ಣು ತೇವವಾಗಿದೆ. ಮುಖ ಹಾಗೇ ಇದೆ, ದನಿ ಹಾಗೇ ಇದೆ. ಇದನ್ನು ಮೊದಲೂ ನೋಡಿದ್ದೇನೆ, ವಯಸ್ಸಾದವರಿಗೆ ಹೀಗಾಗುತ್ತದೆ ಅಂತ ಡಾಕ್ಟರ ಹತ್ತಿರ ಹೇಳುತ್ತಾನೆ. ಆ ಡಾಕ್ಟರಿಗೆ ಅಷ್ಟು ಹೊತ್ತಿಗೆ ಗುಟ್ಟು ಗೊತ್ತಾಗಿದೆ. ನೀನು ನಿಜವಾಗಿ ತೋಟದ ಮಾಲಿನೇ, ಅಲ್ವಾ ಅಂತ ಕೇಳುತ್ತಾರೆ. ಹೌದು ಅನ್ನುತ್ತಾನೆ ಚಾನ್ಸ್. ಮೊದಲ ದಿನದಿಂದ ಅವನು ಹೇಳುತ್ತಾ ಬಂದಿದ್ದೂ ಅದನ್ನೇ.

ಅಕ್ಕ ಈ ಸಲ ನಿಲ್ಲಿಸಲಿಲ್ಲ, ಬರೆಯಲೂ ಇಲ್ಲ. ಪೆನ್ನಿನ ಮುಚ್ಚಳ ಹಾಕಿ ಮಡಿಲಲ್ಲಿ ಇಟ್ಟುಕೊಂಡಿದ್ದಳು. ನನಗೆ ಗಂಟಲು ಕಟ್ಟಿತು. ಮೊದಲ ಸಾವಿನ ದೃಶ್ಯವನ್ನು ಅವಳು ಎರಡು ಸಲ ತೋರಿಸದೆ ಇದ್ದಿದ್ದರೆ ಈ ತೇವ ನನಗೆ ಕಾಣುತ್ತಲೇ ಇರಲಿಲ್ಲ.

ಇನ್ನು ಆ ಕೊನೆ. ಬೆನ್‌ನನ್ನು ಇಡುವ ಗೋರಿ ಪಿರಮಿಡ್ ಆಕಾರದ್ದು, ಮೇಲೆ ಒಂದು ಕಣ್ಣು. ಡಾಲರ್ ನೋಟಿನ ಮೇಲೆ ಇರುತ್ತಲ್ಲ, ಅದೇ ಚಿತ್ರ. ಶವಪೆಟ್ಟಿಗೆ ಹೊತ್ತವರು ಮುಂದಿನ ಅಧ್ಯಕ್ಷ ಯಾರಾಗಬೇಕು ಅಂತ ಪಿಸುಗುಟ್ಟುತ್ತಾ ಚಾನ್ಸ್ ಹೆಸರಿಗೆ ಬಂದು ನಿಲ್ಲುತ್ತಾರೆ. ಆ ಹೊತ್ತಿಗೆ ಚಾನ್ಸ್ ಅಲ್ಲಿಂದ ಎದ್ದು ಮರಗಳ ನಡುವೆ ಹೋಗಿದ್ದಾನೆ. ಒಂದು ಪುಟ್ಟ ಗಿಡ ಭಾರಕ್ಕೆ ಬಾಗಿದೆ. ಅದನ್ನು ನೆಟ್ಟಗೆ ಮಾಡುತ್ತಾನೆ. ಆಮೇಲೆ ಕೆರೆಯ ಕಡೆ ನಡೆಯುತ್ತಾನೆ. ದಡ ಮುಗಿಯುತ್ತದೆ. ಅವನು ನಿಲ್ಲುವುದಿಲ್ಲ. ನೀರಿನ ಮೇಲೇ ನಡೆಯುತ್ತಾ ಹೋಗುತ್ತಾನೆ. ಸ್ವಲ್ಪ ದೂರ ಹೋಗಿ ನಿಂತು, ಬಗ್ಗಿ, ಕೈಯಲ್ಲಿದ್ದ ಕೊಡೆಯನ್ನು ನೀರಿಗೆ ಇಳಿಸುತ್ತಾನೆ. ಕೊಡೆ ಆಳಕ್ಕೆ ಇಳಿಯುತ್ತದೆ. ತೆಗೆದುಕೊಂಡು ಮುಂದೆ ನಡೆಯುತ್ತಾನೆ. ಬದುಕು ಮನಸ್ಸಿನ ಒಂದು ಸ್ಥಿತಿ ಅನ್ನುವ ಬೆನ್‌ನ ಮಾತನ್ನು ದೂರದಲ್ಲಿ ಅಧ್ಯಕ್ಷರು ಓದುತ್ತಿದ್ದಾರೆ.

ಚಿತ್ರಕಥೆಯಲ್ಲಿ ಈ ಕೊನೆ ಇರಲಿಲ್ಲ, ಶೂಟಿಂಗ್ ಹೊತ್ತಿನಲ್ಲಿ ಆಶ್‌ಬಿಗೆ ಹೊಳೆದದ್ದು. ಇದರ ಅರ್ಥ ಏನು ಅಂತ ಆವತ್ತಿನಿಂದ ವಾದ ನಡೆದಿದೆ. ನೀರಿನ ಮೇಲೆ ನಡೆದನಲ್ಲ, ಏಸುವಿನ ಹಾಗೆ ಅನ್ನುವವರಿದ್ದಾರೆ. ಮನಸ್ಸಿನಲ್ಲಿ ಭಾರವೇ ಇಲ್ಲದವನು ಮುಳುಗುವುದಾದರೂ ಹೇಗೆ ಅನ್ನುವವರಿದ್ದಾರೆ. ತೋಟದಿಂದ ಹೊರಗೆ ಬಿದ್ದ ಆದಾಮ, ಅವನಿಗೆ ಸಿಕ್ಕ ಹೆಂಗಸಿನ ಹೆಸರೂ ಈವ್ ಅಂತ ಲೆಕ್ಕ ಜೋಡಿಸುವವರಿದ್ದಾರೆ. ನಾನೂ ಆ ರಾತ್ರಿ ಹೀಗೆಲ್ಲ ಹೇಳುತ್ತಾ ಹೋದೆ. ಸಿನಿಮಾದವರು ಎರಡು ಗಂಟೆ ಇಂಥ ಜನರನ್ನೇ ತೋರಿಸಿ, ಕಡೆಗೆ ಕೆರೆಯ ದಡಕ್ಕೆ ತಂದು ನನ್ನನ್ನೂ ಅವರ ಸಾಲಿಗೆ ನಿಲ್ಲಿಸಿದ್ದಾರೆ ಅಂತಲೂ ಹೇಳಿದೆ. ಚಾನ್ಸ್ ನಡೆದ, ನಾನು ಅರ್ಥ ತುಂಬಿದೆ. ಅಷ್ಟು ಹೇಳುವ ಹೊತ್ತಿಗೆ ನನಗೆ ಉಸಿರು ಕಟ್ಟುವಷ್ಟು ಖುಷಿಯಾಗಿತ್ತು.

ಅಕ್ಕ ಎಲ್ಲ ಕೇಳಿಸಿಕೊಂಡಳು. ಸಿನಿಮಾವನ್ನು ಆ ಗಿಡದ ಹತ್ತಿರಕ್ಕೆ ಹಿಂದಕ್ಕೆ ತಂದಳು. ಗಿಡ ಮುಟ್ಟಿದ ಕೈ. ಅಲ್ಲಿಂದ ಬಿಟ್ಟಳು. ಕೊಡೆ ಇಳಿಸಿದ ಕೈ. ನಿಲ್ಲಿಸಿದಳು. ಪೆನ್ನು ತೆಗೆದು ಬರೆದಳು.

"ಮಾಲಿ ಕಣೋ ಅವನು. ಎಲ್ಲಿ ಹೋದರೂ ಆಳ ನೋಡ್ತಾನೆ."

ನಾನು ಆ ಸಾಲನ್ನು ತುಂಬ ಹೊತ್ತು ನೋಡಿದೆ. ಗಿಡ ನೆಡುವ ಮೊದಲು ಕೋಲು ಊರಿ ಮಣ್ಣು ಎಷ್ಟು ಆಳಕ್ಕೆ ಸಡಿಲ ಇದೆ ಅಂತ ನೋಡುವವರ ಕೈ ಅದು. ಪವಾಡ ಮಾಡುವವನ ಕೈಯಲ್ಲಿ ಅಷ್ಟು ಕುತೂಹಲ ಇರುವುದಿಲ್ಲ. ತಾನು ಪವಾಡದ ಮೇಲೆ ನಿಂತಿದ್ದೇನೆ ಅನ್ನುವುದು ಅವನಿಗೆ ಗೊತ್ತೇ ಇಲ್ಲ, ಈ ನೀರು ಎಷ್ಟಿದೆ ಅನ್ನುವುದಷ್ಟೇ ಅವನ ಪ್ರಶ್ನೆ. ಮುದುಕನ ಹಣೆ, ಕೆಟ್ಟ ರಿಮೋಟು, ಬೆನ್‌ನ ಹಣೆ, ಪುಟ್ಟ ಗಿಡ, ಕೆರೆ. ಐದಕ್ಕೂ ಅದೇ ಕೈ. ಏಸು, ಆದಾಮ ಎಲ್ಲ ಸುಳ್ಳು ಅಂತ ನಾನು ಹೇಳುವುದಿಲ್ಲ, ಅವೂ ಅಲ್ಲಿವೆ. ಆದರೆ ಈ ಕೈ ಇಲ್ಲದಿದ್ದರೆ ಆ ಕೆರೆ ಬರೀ ಒಂದು ಚಮತ್ಕಾರ ಆಗುತ್ತಿತ್ತು. ಅದಕ್ಕೆ ಆಳ ಬಂದದ್ದು ಸೆಲ್ಲರ್ಸ್ ಬಗ್ಗಿದ ರೀತಿಯಿಂದ.

ವಾರ ಕಳೆಯಿತು. ಅಕ್ಕನ ದನಿ ನಿಧಾನಕ್ಕೆ ವಾಪಸ್ ಬಂತು. ಮೊದಲಿನಷ್ಟು ಏರುವುದಿಲ್ಲ, ಮೆಲ್ಲಗೆ ಮಾತಾಡಬೇಕು. ಮೂರು ತಿಂಗಳ ಮೇಲೆ ಮತ್ತೆ ತಾಲೀಮಿಗೆ ಹೋಗತೊಡಗಿದಳು. ಮಗನನ್ನು ಕಳಕೊಂಡ ತಾಯಿಯ ಪಾತ್ರ. ಒಂದು ಸಂಜೆ ನಾನೂ ಹೋಗಿ ಹಿಂದಿನ ಸಾಲಿನಲ್ಲಿ ಕೂತಿದ್ದೆ. ಶವದ ಮುಂದೆ ತಾಯಿ ಗೋಳಾಡುವ ದೃಶ್ಯ. ಪುಸ್ತಕದಲ್ಲಿ ಅಲ್ಲಿ ಅರ್ಧ ಪುಟ ಮಾತಿದೆಯಂತೆ. ಆ ಮಾತು ಬಿಡಬಹುದಾ ಅಂತ ಅವಳು ನಿರ್ದೇಶಕರನ್ನು ಕೇಳಿಕೊಂಡಿದ್ದಳು.

ಅವಳು ಬಂದು ಕೂತಳು. ಚಾಪೆಯ ಮೇಲೆ ಮಲಗಿದ್ದ ಹುಡುಗನ ಹಣೆಗೆ ಕೈ ಇಟ್ಟಳು. ಅಂಗಳದಲ್ಲಿ ಆಡಿ ಬಂದ ಮಗುವಿನ ಹಣೆಯ ಬೆವರು ಒರೆಸುವ ಹಾಗೆ ಹೆಬ್ಬೆರಳಿನಿಂದ ಒಂದು ಸಲ ಒರೆಸಿದಳು. ಆಮೇಲೆ ಆ ಬೆರಳನ್ನು ಸೆರಗಿನ ಅಂಚಿಗೆ ಒತ್ತಿ ಹಿಡಿದುಕೊಂಡಳು. ಕೊನೆಯ ಸಾಲಿನಿಂದ ನನಗೆ ಅವಳ ಮುಖ ಕಾಣುತ್ತಿರಲಿಲ್ಲ. ಬೆರಳು ಕಾಣುತ್ತಿತ್ತು.